ಇನ್ನೊಂದು ಗುಂಪಿನಲ್ಲಿ ಏನಾಯಿತು?

ಕೇಳುಗರಿಗೆಲ್ಲ ನಮಸ್ಕಾರ.

ವೈದ್ಯಕೀಯದಲ್ಲಿ ಸಂಖ್ಯಾಶಾಸ್ತ್ರಕ್ಕೆ ಏನು ಕೆಲಸ ಎಂಬುದನ್ನು ಎಲ್ಲರಿಗೂ ತಿಳಿಯುವಂತೆ ಹೇಳಿ ಎಂದು ನಿಲಯದವರು ಕೇಳಿದ್ದಾರೆ. ಸೂತ್ರಗಳ ತಂಟೆಗೆ ನಾನು ಹೋಗುವುದಿಲ್ಲ. ಮನೆಯಲ್ಲಿ ಬಿಪಿ ಮಾತ್ರೆಯನ್ನೋ ಸಕ್ಕರೆ ಕಾಯಿಲೆಯ ಮಾತ್ರೆಯನ್ನೋ ಪಕ್ಕದಲ್ಲಿಟ್ಟುಕೊಂಡು ರೇಡಿಯೊ ಕೇಳುತ್ತಿರುವವರು ನೀವು ಎಂದುಕೊಂಡೇ ಮಾತಾಡುತ್ತೇನೆ. ನಿಮಗೆ ಒಂದೇ ಒಂದು ಪ್ರಶ್ನೆ ಕಲಿಸಿಕೊಟ್ಟರೆ ನನಗೆ ಸಾಕು.

‘ಈ ಔಷಧಿ ತೆಗೆದುಕೊಂಡ ನೂರು ಜನರಲ್ಲಿ ಎಂಬತ್ತು ಜನಕ್ಕೆ ವಾಸಿಯಾಯಿತು’ ಎಂದು ಯಾರಾದರೂ ಹೇಳಿದರೆ ನೀವು ಕೇಳಬೇಕಾದದ್ದು ಇಷ್ಟೆ: ತೆಗೆದುಕೊಳ್ಳದ ನೂರು ಜನರಲ್ಲಿ ಎಷ್ಟು ಜನಕ್ಕೆ ವಾಸಿಯಾಯಿತು? ನೆಗಡಿ ಔಷಧಿ ಕುಡಿದವರಿಗೂ ಹೋಗುತ್ತದೆ, ಕುಡಿಯದವರಿಗೂ ಹೋಗುತ್ತದೆ. ಎಂಬತ್ತು ಎಂಬ ಸಂಖ್ಯೆ ಒಂಟಿಯಾಗಿ ನಿಂತರೆ ಅದರಿಂದ ಏನೂ ತಿಳಿಯುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಗುಂಪಿನ ಸಂಖ್ಯೆ ಇರಲೇಬೇಕು.

ಇದು ಇಷ್ಟು ಸರಳವಾಗಿದ್ದರೆ ಇದಕ್ಕೊಂದು ಭಾಷಣ ಯಾಕೆ ಎಂದು ನಿಮಗೆ ಅನಿಸಬಹುದು. ಅದಕ್ಕೇ ಈ ಕಥೆ ಹೇಳುತ್ತೇನೆ. ನನ್ನ ವಿದ್ಯಾರ್ಥಿಗಳಿಗೆ ಪ್ರತಿವರ್ಷ ಮೊದಲ ತರಗತಿಯಲ್ಲಿ ಹೇಳುವ ಕಥೆ.

ಹೃದಯಾಘಾತವಾಗಿ ಬದುಕಿ ಉಳಿದವರಲ್ಲಿ ಕೆಲವರ ಇಸಿಜಿಯಲ್ಲಿ ನಡುನಡುವೆ ತಾಳ ತಪ್ಪಿದ ಬಡಿತಗಳು ಕಾಣುತ್ತವೆ. ಹಾಗೆ ಕಾಣುವವರಲ್ಲಿ ಮುಂದೆ ಹಠಾತ್ತನೆ ಸಾಯುವವರು ಹೆಚ್ಚು ಎಂಬುದು ಗೊತ್ತಿತ್ತು. ತಾಳ ತಪ್ಪಿದ ಬಡಿತವನ್ನು ಅಡಗಿಸುವ ಮಾತ್ರೆಗಳೂ ಬಂದವು. ಎನ್‌ಕೈನೈಡ್, ಫ್ಲೆಕೈನೈಡ್ ಎಂದು ಅವುಗಳ ಹೆಸರು. ಮಾತ್ರೆ ಕೊಟ್ಟು ಮತ್ತೆ ಇಸಿಜಿ ತೆಗೆದರೆ ಗೆರೆ ಅಚ್ಚುಕಟ್ಟಾಗಿರುತ್ತಿತ್ತು. ವೈದ್ಯರಿಗೂ ಸಮಾಧಾನ, ರೋಗಿಗೂ ಸಮಾಧಾನ. ಬಡಿತ ಸರಿಹೋಯಿತು, ಹಾಗಾದರೆ ಸಾವೂ ತಪ್ಪಿತು ಎಂದೇ ಎಲ್ಲರೂ ನಂಬಿದರು. ಅಮೆರಿಕದಲ್ಲಿ ಅಸಂಖ್ಯ ಜನ ಈ ಬಗೆಯ ಮಾತ್ರೆ ನುಂಗುತ್ತಿದ್ದರು.

1987ರಲ್ಲಿ ಅಲ್ಲಿ ಒಂದು ಪರೀಕ್ಷೆ ಶುರುವಾಯಿತು. ಕ್ಯಾಸ್ಟ್ ಎಂಬ ಹೆಸರಿನಲ್ಲಿ ಅದು ಪ್ರಸಿದ್ಧ. ಅದನ್ನು ಏರ್ಪಡಿಸಿದ ರೀತಿಯನ್ನು ಸ್ವಲ್ಪ ಗಮನಕೊಟ್ಟು ಕೇಳಿ. ಮೊದಲು ರೋಗಿಗಳಿಗೆ ಮಾತ್ರೆ ಕೊಟ್ಟು, ಯಾರಲ್ಲಿ ತಾಳ ತಪ್ಪಿದ ಬಡಿತ ಅಡಗಿತೋ ಅವರನ್ನು ಮಾತ್ರ ಆರಿಸಿಕೊಂಡರು. ಅಂದರೆ ಮಾತ್ರೆ ‘ಕೆಲಸ ಮಾಡಿದ’ ರೋಗಿಗಳೇ ಎಲ್ಲರೂ. ಆಮೇಲೆ ಚೀಟಿ ಎತ್ತಿದ ಹಾಗೆ ಅವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನಿಜವಾದ ಮಾತ್ರೆ, ಇನ್ನೊಂದು ಗುಂಪಿಗೆ ನೋಡಲು ಹಾಗೇ ಇರುವ, ಔಷಧಿಯೇ ಇಲ್ಲದ ಹುಸಿ ಮಾತ್ರೆ. ‘ಜೀವ ಉಳಿಸುವ ಮಾತ್ರೆ ಕೈಯಲ್ಲಿದ್ದೂ ಅರ್ಧ ಜನರಿಗೆ ಕೊಡದಿರುವುದು ಅನ್ಯಾಯವಲ್ಲವೆ?’ ಎಂದು ಕೇಳಿದ ವೈದ್ಯರಿದ್ದರು. ಅವರ ಕಾಳಜಿಯಲ್ಲಿ ನನಗೆ ಸಂಶಯವಿಲ್ಲ. ಆದರೆ ಜೀವ ಉಳಿಸುತ್ತದೆ ಎಂಬುದು ಅವರಿಗೆ ಹೇಗೆ ಗೊತ್ತಾಗಿತ್ತು? ಇನ್ನೊಂದು ಗುಂಪನ್ನು ಯಾರೂ ನೋಡಿರಲೇ ಇಲ್ಲ.

ಪರೀಕ್ಷೆ ನಡೆಯುತ್ತಿರುವಾಗಲೇ ಲೆಕ್ಕದ ಮೇಲೆ ಕಣ್ಣಿಡಲು ಒಂದು ಸಮಿತಿ ಇತ್ತು. 1989ರ ಏಪ್ರಿಲ್‌ನಲ್ಲಿ ಆ ಸಮಿತಿಯ ಮಾತಿನಂತೆ ಈ ಎರಡೂ ಮಾತ್ರೆಗಳನ್ನು ನಡುವೆಯೇ ನಿಲ್ಲಿಸಬೇಕಾಯಿತು. ಕೊನೆಯ ಲೆಕ್ಕ 1991ರಲ್ಲಿ ಪ್ರಕಟವಾಯಿತು. ಹುಸಿ ಮಾತ್ರೆಯ 743 ಜನರಲ್ಲಿ ಸತ್ತವರು 26. ನಿಜವಾದ ಮಾತ್ರೆಯ 755 ಜನರಲ್ಲಿ ಸತ್ತವರು 63. ಸರಾಸರಿ ಹತ್ತೇ ತಿಂಗಳಲ್ಲಿ. ಗೆರೆಯನ್ನು ಅಚ್ಚುಕಟ್ಟು ಮಾಡುತ್ತಿದ್ದ ಮಾತ್ರೆಯೇ ಜೀವ ತೆಗೆಯುತ್ತಿತ್ತು.

ಇದು ವೈದ್ಯರ ಕಣ್ಣಿಗೆ ಯಾಕೆ ಬೀಳಲಿಲ್ಲ? ಅವರು ದಡ್ಡರೂ ಅಲ್ಲ, ನಿರ್ದಯಿಗಳೂ ಅಲ್ಲ. ಒಬ್ಬ ವೈದ್ಯರ ಬಳಿ ಇಂಥ ಇಪ್ಪತ್ತೈದು ರೋಗಿಗಳು ಇದ್ದರೆನ್ನಿ. ಮಾತ್ರೆ ಕೊಡದಿದ್ದರೆ ಅವರಲ್ಲಿ ಒಬ್ಬರು ಸಾಯುತ್ತಿದ್ದರು, ಕೊಟ್ಟಿದ್ದರಿಂದ ಇಬ್ಬರು ಸತ್ತರು. ಮೊದಲೇ ಹೃದಯಾಘಾತವಾಗಿದ್ದವರು, ಪಾಪ, ಹೃದಯ ನಿಂತುಹೋಯಿತು ಎಂದು ಮನೆಯವರೂ ಒಪ್ಪಿಕೊಳ್ಳುತ್ತಾರೆ. ಬದುಕಿದ ಇಪ್ಪತ್ತಮೂರು ಜನ ಬಂದು ಕೈಮುಗಿಯುತ್ತಾರೆ. ಆ ಒಂದು ಹೆಚ್ಚಿನ ಸಾವು ಯಾವ ಅನುಭವಿ ವೈದ್ಯರಿಗೂ ಕಾಣುವಂಥದ್ದಲ್ಲ. ನೂರಾರು ಜನರನ್ನು ಎರಡು ಸಾಲಿನಲ್ಲಿಟ್ಟು ಎಣಿಸಿದಾಗ ಮಾತ್ರ ಕಾಣುತ್ತದೆ. ‘ನನ್ನ ಮೂವತ್ತು ವರ್ಷದ ಅನುಭವ’ ಎಂದು ಯಾರಾದರೂ ಶುರುಮಾಡಿದಾಗ ನನಗೆ ಸಹನೆ ಕಡಿಮೆಯಾಗುವುದು ಇದಕ್ಕೇ. ಅನುಭವ ದೊಡ್ಡದು, ಒಪ್ಪುತ್ತೇನೆ. ಇನ್ನೊಂದು ಗುಂಪಿನಲ್ಲಿ ಏನಾಯಿತು ಸ್ವಾಮಿ, ಅದನ್ನು ಹೇಳಿ.

ಹಾಗೆಂದು ಇದನ್ನು ಕೇಳಿ ನಿಮ್ಮ ಮಾತ್ರೆಯನ್ನು ಇವತ್ತೇ ನಿಲ್ಲಿಸಿಬಿಡಬೇಡಿ. ಪರೀಕ್ಷೆಯಲ್ಲಿ ಗೆದ್ದು ಬಂದ ಔಷಧಿಗಳು ಬೇಕಾದಷ್ಟಿವೆ. 1948ರಲ್ಲಿ ಬ್ರಿಟನ್ನಿನಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಗೆದ್ದದ್ದೂ ಇದೇ ಪ್ರಶ್ನೆಗೆ ಉತ್ತರ ಕೊಟ್ಟು. ಔಷಧಿ ಪಡೆದ 55 ಜನರಲ್ಲಿ ಆರು ತಿಂಗಳಲ್ಲಿ ಸತ್ತವರು 4, ಬರೀ ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ 14. ಯಾರು ಯಾವ ಗುಂಪಿಗೆ ಎಂಬುದು ಮುಚ್ಚಿದ ಲಕೋಟೆಯಲ್ಲಿತ್ತು. ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞರ ಏರ್ಪಾಡು ಅದು. ಆರಿಸುವ ಕೆಲಸ ವೈದ್ಯರಿಗೇ ಬಿಟ್ಟರೆ ಗಟ್ಟಿಮುಟ್ಟಾದವರು ಒಂದು ಕಡೆ, ಸೊರಗಿದವರು ಇನ್ನೊಂದು ಕಡೆ ಸೇರಿಬಿಡಬಹುದು. ಆಮೇಲೆ ಹೋಲಿಕೆಗೆ ಅರ್ಥವಿಲ್ಲ.

ಸಮಯ ಓಡುತ್ತಿದೆ, ಇನ್ನೆರಡು ಮಾತು. ‘ಅಪಾಯ ಎರಡು ಪಟ್ಟು’ ಎಂಬ ಸುದ್ದಿ ಬಂದರೂ ಪ್ರಶ್ನೆ ಅದೇ. 1995ರಲ್ಲಿ ಬ್ರಿಟನ್ನಿನಲ್ಲಿ ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟು ಎಂದು ಪ್ರಕಟಿಸಿದರು. ಹೆಂಗಸರು ಗಾಬರಿಯಾಗಿ ಮಾತ್ರೆ ಬಿಟ್ಟರು, ಮರುವರ್ಷ ಗರ್ಭಪಾತಗಳು ಹೆಚ್ಚಿದವು. ನಿಜವಾಗಿ ಹಳೆಯ ಮಾತ್ರೆಯಲ್ಲಿ ಸುಮಾರು ಏಳು ಸಾವಿರಕ್ಕೆ ಒಬ್ಬರಿಗೆ ಇದ್ದ ತೊಂದರೆ ಹೊಸದರಲ್ಲಿ ಏಳು ಸಾವಿರಕ್ಕೆ ಇಬ್ಬರಿಗೆ ಆಗಿತ್ತು. ಎರಡೂ ಗುಂಪಿನ ಲೆಕ್ಕವನ್ನು ಹೀಗೆ ಪಕ್ಕಪಕ್ಕ ಇಟ್ಟು ಹೇಳಿದ್ದರೆ ಅಷ್ಟು ಗಾಬರಿ ಆಗುತ್ತಿರಲಿಲ್ಲ.

ಇನ್ನು ಕ್ಯಾನ್ಸರ್ ತಪಾಸಣೆ. ‘ತಪಾಸಣೆಯಲ್ಲಿ ಬೇಗ ಪತ್ತೆಯಾದವರು ಹೆಚ್ಚು ವರ್ಷ ಬದುಕುತ್ತಾರೆ’ ಎನ್ನುತ್ತಾರೆ. ಒಬ್ಬರಿಗೆ ಅರವತ್ತರಲ್ಲಿ ಪತ್ತೆಯಾಯಿತು, ಅಂಥದೇ ರೋಗ ಇನ್ನೊಬ್ಬರಿಗೆ ಅರವತ್ತೈದರಲ್ಲಿ ಪತ್ತೆಯಾಯಿತು, ಇಬ್ಬರೂ ಅರವತ್ತೆಂಟಕ್ಕೆ ತೀರಿಕೊಂಡರು ಎನ್ನಿ. ಕಾಗದದ ಮೇಲೆ ಮೊದಲನೆಯವರು ಎಂಟು ವರ್ಷ ಬದುಕಿದರು, ಎರಡನೆಯವರು ಮೂರೇ ವರ್ಷ. ಯಾರ ಆಯುಸ್ಸೂ ಒಂದು ದಿನವೂ ಹೆಚ್ಚಲಿಲ್ಲ. ಹಾಗಾಗಿ ಪತ್ತೆಯಾದ ಮೇಲಿನ ವರ್ಷಗಳನ್ನು ಎಣಿಸಬೇಡಿ. ತಪಾಸಣೆಗೆ ಹೋದ ಸಾವಿರ ಜನರಲ್ಲಿ ಆ ಕ್ಯಾನ್ಸರಿನಿಂದ ಸತ್ತವರೆಷ್ಟು, ಹೋಗದ ಸಾವಿರ ಜನರಲ್ಲಿ ಎಷ್ಟು ಎಂದು ಕೇಳಿ. ನಿಮ್ಮ ವೈದ್ಯರನ್ನೇ ಕೇಳಿ, ಸಂಕೋಚ ಬೇಡ.

ನಮಸ್ಕಾರ.