ಮಾತು ಮೊದಲು, ಚಿತ್ರ ಆಮೇಲೆ

ಕೇಳುಗರೆಲ್ಲರಿಗೂ ಶರಣು ಶರಣಾರ್ಥಿ.

ಬೇಸಿಗೆ ಸೂಟಿ ಬಂತು. ನಮ್ಮ ಕಲಬುರಗಿ ಬಿಸಿಲಿಗೆ ಮಕ್ಕಳು ಹನ್ನೊಂದಕ್ಕೇ ಮನೆ ಸೇರಬೇಕು, ಸಂಜೆ ಐದರ ತನಕ ಹೊರಗೆ ಬಿಡುವ ಹಾಗಿಲ್ಲ. ಆ ಆರು ತಾಸು ಏನು ಮಾಡಿಸೋದು ಅಂತ ತಾಯಂದಿರು ಕೇಳುತ್ತೀರಿ. ಒಂದು ಕಾಮಿಕ್ಸ್ ಪುಸ್ತಕ ಮಾಡಿಸಿ. ಹಳೆಯದೊಂದು ಕಂಪ್ಯೂಟರ್, ಬಿಳಿ ಹಾಳೆ, ಒಂದು ಕಪ್ಪು ಪೆನ್ನು, ಇಷ್ಟು ಸಾಕು. ಚಿತ್ರ ಬರಲ್ಲ ಅನ್ನುವವರು ರೇಡಿಯೋ ಬಂದ್ ಮಾಡಬೇಡಿ. ಕಡ್ಡಿ ಕೈಕಾಲಿನ ಮನುಷ್ಯನನ್ನು ಗೀಚಲಿಕ್ಕೆ ಬಂದರೆ ನಡೆಯುತ್ತದೆ.

ಆದರೆ ಒಂದು ಮಾತು ನೆನಪಿಡಿ. ಮಾತು ಮೊದಲು, ಚಿತ್ರ ಆಮೇಲೆ. ಇವತ್ತಿನ ಭಾಷಣದಲ್ಲಿ ಇದೊಂದು ಉಳಿದರೂ ನನಗೆ ಸಮಾಧಾನ.

ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ಅರ್ಧ ಸೂಟಿ ಹುಡುಕುತ್ತಾ ಕೂಡುವವರಿದ್ದಾರೆ. ಹುಡುಕಬೇಡಿ. ಲಿಬ್ರೆಆಫೀಸ್ ಪುಕ್ಕಟೆ ಸಿಗುತ್ತದೆ, ಅದರೊಳಗೆ ಸ್ಲೈಡ್ ಮಾಡುವ ಇಂಪ್ರೆಸ್ ಇದೆ. ಪವರ್‌ಪಾಯಿಂಟ್ ಇದ್ದರೆ ಅದೂ ಆದೀತು. ಇಂಪ್ರೆಸ್ ತೆರೆದು ಸ್ಲೈಡ್ ಪ್ರಾಪರ್ಟೀಸ್‌ಗೆ ಹೋಗಿ, ಅಳತೆ ಎ5, ಪುಟ ಉದ್ದಕ್ಕೆ. ಅಂದರೆ 148 ಮಿಲಿಮೀಟರ್ ಅಗಲ, 210 ಎತ್ತರ. ಸುತ್ತ 10 ಮಿಲಿಮೀಟರ್ ಖಾಲಿ ಬಿಡಿ, ಪ್ರಿಂಟರ್ ಅಂಚಿನ ತನಕ ಮುದ್ರಿಸುವುದಿಲ್ಲ. ಒಂದು ಚೌಕ ಹಾಕಿ, ಎಫ್4 ಒತ್ತಿ, ಅಗಲ 62, ಎತ್ತರ 60 ಮಿಲಿಮೀಟರ್ ಅಂತ ಕೊಡಿ. ಅದಕ್ಕೆ ತಾನಾಗಿ ನೀಲಿ ಬಣ್ಣ ತುಂಬಿಕೊಂಡಿರುತ್ತದೆ, ಫಿಲ್ ಅನ್ನುವಲ್ಲಿ ನನ್, ಅಂದರೆ ಏನೂ ಬೇಡ ಅಂತ, ಮಾಡಿ ತೆಗೆಯಿರಿ. ಇಂಥವು ಆರು, ಸಾಲಿಗೆ ಎರಡರಂತೆ. ಪಕ್ಕದ ಸಂದು 4, ಮೇಲೆ ಕೆಳಗಿನ ಸಂದು 5. ಒಂದು ಪುಟ ಸಿದ್ಧವಾದರೆ ಅದನ್ನೇ ಏಳು ಸಲ ನಕಲು ಮಾಡಿ. ಎಂಟು ಪುಟದ ಪುಸ್ತಕದ ಚೌಕಟ್ಟು ತಯಾರು.

ಈಗ ಚಿತ್ರ ಹಾಕಲಿಕ್ಕೆ ಕೈ ತುರಿಸುತ್ತದೆ. ತಡೆಯಿರಿ! ಮಾತು ಮೊದಲು.

ಬೀದರಿನ ಎಂಟನೇ ತರಗತಿ ಹುಡುಗಿಯೊಬ್ಬಳ ಪುಟವನ್ನು ಹೇಳಿದರೆ ನಿಮಗೆ ಚೆನ್ನಾಗಿ ತಿಳಿದೀತು. ನೌಬಾದಿನ ಕರೇಜ್ ಗೊತ್ತಲ್ಲ, ಬಹಮನಿ ಕಾಲದ ಸುರಂಗ ಬಾವಿ? ಮುತ್ಯಾನ ಜೊತೆ ಮೊಮ್ಮಗಳು ಅದನ್ನು ನೋಡಲಿಕ್ಕೆ ಹೋಗುವ ಕಥೆ. ಹುಡುಗಿ ಮೊದಲು ಚಿತ್ರ ಬರೆದಳು. ಏನು ಚಂದ ಅಂತೀರಿ! ಕೆಂಪು ಜಂಬಿಟ್ಟಿಗೆ ಕಲ್ಲು, ಆಳಕ್ಕೆ ಇಳಿಯುವ ಬಾವಿ, ತಳದಲ್ಲಿ ನೀರಿನ ಹೊಳಪು, ಬಾಯಿಗೆ ಬಗ್ಗಿ ನಿಂತ ಮುತ್ಯಾನ ರುಮಾಲು. ಚೌಕದಲ್ಲಿ ಬೆರಳಿಡುವಷ್ಟು ಜಾಗ ಖಾಲಿ ಇಲ್ಲ. ಆಮೇಲೆ ಮಾತಿನ ಗುಳ್ಳೆ ಇಡಲಿಕ್ಕೆ ಹೋದಳು. ಒಂದು ಗುಳ್ಳೆ ರುಮಾಲು ಮುಚ್ಚಿತು, ಇನ್ನೊಂದು ಮೊಮ್ಮಗಳ ಕಣ್ಣನ್ನೇ ಮುಚ್ಚಿತು. ಗುಳ್ಳೆ ಸಣ್ಣದು ಮಾಡಿದಳು, ಅಕ್ಷರವನ್ನು 7ಕ್ಕೆ ಇಳಿಸಿದಳು. ಪರದೆಯ ಮೇಲೆ ದೊಡ್ಡದು ಮಾಡಿ ನೋಡುತ್ತಿದ್ದಳಲ್ಲ, ಎಲ್ಲ ಸರಿ ಕಂಡಿತು. ಪ್ರಿಂಟ್ ಬಂದಾಗ ಒತ್ತಕ್ಷರಗಳೆಲ್ಲ ಇರುವೆ ಸಾಲು.

ತಪ್ಪು ಮಾತಿನಲ್ಲೂ ಇತ್ತು. ಮೊಮ್ಮಗಳ ಬಾಯಲ್ಲಿ ಏನಿತ್ತು ಕೇಳಿ: "ಅಜ್ಜನವರೇ, ಈ ಬಾವಿಯೊಳಗೆ ನೀರು ಎಲ್ಲಿಂದ ಹರಿದು ಬರುತ್ತಿದೆ ಎಂಬುದನ್ನು ದಯವಿಟ್ಟು ತಿಳಿಸುತ್ತೀರಾ?" ಹತ್ತು ಪದ! ನಮ್ಮ ಯಾವ ಮನೆಯಲ್ಲಿ ಮಕ್ಕಳು ಮುತ್ಯಾನಿಗೆ ಹೀಗೆ ಕೇಳುತ್ತಾರೆ? ಎರಡನೇ ಸಲ ಚೌಕ ಖಾಲಿ ಇಟ್ಟು ಮೊದಲು ಮಾತು ಕೂಡಿಸಿದಳು. "ಮುತ್ಯಾ, ಈ ನೀರ್ ಎಲ್ಲಿಂದ ಬರ್ತದ?" ಐದೇ ಪದ. "ನೆಲದ ಒಳಗಿಂದೇ ಬರ್ತದವ್ವಾ. ಇಳಿಜಾರ ಅದ, ತಾನೇ ಹರೀತದ." ಕರೇಜಿನ ಗುಟ್ಟೆಲ್ಲ ಅಷ್ಟರಲ್ಲೇ ಬಂತು. ಮೇಲೆ ಕೆಳಗಿನ ಎರಡು ಚೌಕ ಕೂಡಿಸಿ 62ಕ್ಕೆ 125ರ ಉದ್ದನೆಯ ಒಂದು ಚೌಕ ಮಾಡಿದಳು, ಪ್ರಶ್ನೆ ಬಾವಿಯ ಬಾಯಿಯ ಹತ್ತಿರ, ಉತ್ತರ ಕೆಳಗಿನ ಕತ್ತಲೆಯಲ್ಲಿ ಬಿಳಿ ಗುಳ್ಳೆಯಾಗಿ. ಉಳಿದ ಜಾಗಕ್ಕೆ ತಕ್ಕಂತೆ ಚಿತ್ರ ಬಂತು. ರುಮಾಲೂ ಉಳಿಯಿತು, ಕಣ್ಣೂ ಉಳಿಯಿತು.

ಗುಳ್ಳೆಯ ಆಕಾರಗಳು ಕಾಲ್‌ಔಟ್ ಅನ್ನುವಲ್ಲಿ ಸಿಗುತ್ತವೆ. ಹಳದಿ ಚುಕ್ಕೆ ಹಿಡಿದು ಎಳೆದರೆ ಗುಳ್ಳೆಯ ಬಾಲ ಮಾತಾಡುವವರ ಬಾಯಿಯ ಕಡೆ ತಿರುಗುತ್ತದೆ. ಮೊದಲು ಮಾತಾಡುವವರ ಗುಳ್ಳೆ ಎಡಕ್ಕೆ, ಮೇಲಕ್ಕೆ, ಇಲ್ಲವಾದರೆ ಉತ್ತರ ಮೊದಲು, ಪ್ರಶ್ನೆ ಆಮೇಲೆ ಓದಿಸಿಕೊಳ್ಳುತ್ತದೆ. ಅಕ್ಷರ 12, ಎಷ್ಟೇ ಇಕ್ಕಟ್ಟಾದರೂ 11ಕ್ಕಿಂತ ಕೆಳಗೆ ಬೇಡ. ಸಾಲಿನ ಅಂತರ ಸ್ವಲ್ಪ ಹೆಚ್ಚಿಸಿ, ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಟೈಪ್ ಮಾಡುವುದು ಯೂನಿಕೋಡಿನಲ್ಲೇ ಇರಲಿ, ಅಂದರೆ ಎಲ್ಲ ಕಂಪ್ಯೂಟರಿಗೂ ತಿಳಿಯುವ ಅಕ್ಷರ ಸಂಕೇತದಲ್ಲಿ.

ಚಿತ್ರ ಹಾಳೆಯ ಮೇಲೆ ಬರೆಯಿರಿ, ಗೆರೆ ಹಾಕಿದ ನೋಟ್‌ಬುಕ್ ಬೇಡ. ಕಿಟಕಿ ಬೆಳಕಿನಲ್ಲಿ, ನಿಮ್ಮ ನೆರಳು ಬೀಳದ ಹಾಗೆ ಫೋಟೋ ತೆಗೆಯಿರಿ. ಚೌಕದಲ್ಲಿ ಕೂಡಿಸಲಿಕ್ಕೆ ಅದನ್ನು ಕಂಪ್ಯೂಟರಿಗೆ ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೋ ಅಂತ ಕಳಿಸಿದರೆ ಕುಗ್ಗಿಸುತ್ತದೆ, ಗೆರೆ ಮಸಕಾಗುತ್ತದೆ. ಚಿತ್ರವನ್ನೂ ಕಂಪ್ಯೂಟರಿನಲ್ಲೇ ಬರೆಯುವ ಹುಚ್ಚಿದ್ದವರಿಗೆ ಕ್ರಿಟಾ ಅನ್ನುವ ಸಾಫ್ಟ್‌ವೇರ್ ಇದೆ, ಅದರ ಮಾತು ಇನ್ನೊಮ್ಮೆ.

ಸಮಯ ಮುಗಿಯುತ್ತ ಬಂತು ಅಂತ ಕೈ ಮಾಡುತ್ತಿದ್ದಾರೆ, ಪ್ರಿಂಟಿನ ವಿಷಯ ಬೇಗ ಹೇಳುತ್ತೇನೆ. ಪಿಡಿಎಫ್ ಮಾಡಿಕೊಂಡೇ ಝೆರಾಕ್ಸ್ ಅಂಗಡಿಗೆ ಹೋಗಿ, ಇಲ್ಲವಾದರೆ ಅಲ್ಲಿ ನಿಮ್ಮ ಫಾಂಟ್ ಇಲ್ಲದೆ ಅಕ್ಷರ ಕೆಡುತ್ತದೆ. ಅಡೋಬಿ ರೀಡರ್‌ನಲ್ಲಿ ಬುಕ್‌ಲೆಟ್ ಆಯ್ಕೆ ಇದೆ. ಎಂಟು ಪುಟಕ್ಕೆ ಎ4 ಹಾಳೆ ಎರಡು ಸಾಕು, ಎರಡೂ ಬದಿ. 8ರ ಪಕ್ಕ 1, ಅದರ ಬೆನ್ನಿಗೆ 2 ಮತ್ತು 7. ಒಳಗಿನ ಹಾಳೆಗೆ 6 ಮತ್ತು 3, ಬೆನ್ನಿಗೆ 4 ಮತ್ತು 5. ಅಕ್ಕಪಕ್ಕದ ಎರಡು ಪುಟ ಕೂಡಿಸಿದರೆ ಯಾವಾಗಲೂ 9 ಬರಬೇಕು. ಗಿಡ್ಡ ಅಂಚಿಗೆ ತಿರುಗಿಸಿ ಅಂತ ಅಂಗಡಿಯವರಿಗೆ ಬಾಯಿಬಿಟ್ಟು ಹೇಳಿ, ಹೇಳದಿದ್ದರೆ ಬೆನ್ನಿನ ಪುಟ ತಲೆಕೆಳಗು. ಮನೆಯ ಸ್ಟೇಪ್ಲರ್ ಹಾಳೆಯ ನಡುವಿಗೆ ಮುಟ್ಟುವುದಿಲ್ಲ. ಅದನ್ನು ಪೂರ್ತಿ ಬಿಚ್ಚಿ, ಹಾಳೆಯ ಕೆಳಗೆ ಥರ್ಮಾಕೋಲ್ ಇಟ್ಟು ಒತ್ತಿ, ಪಿನ್ನಿನ ಕಾಲು ಚಮಚದ ಬೆನ್ನಿನಿಂದ ಮಡಚಿ. ಸೂಜಿ ದಾರದಿಂದ ಮೂರು ತೂತು ಹೊಲಿದರೂ ಗಟ್ಟಿ.

ಮೊದಲು ಒಂದೇ ಪ್ರತಿ ತೆಗೆಸಿ. ಅದನ್ನು ಮನೆಯ ಮುತ್ಯಾನ ಕೈಗೆ ಕೊಡಿ. ಕನ್ನಡಕ ಹುಡುಕದೆ ಓದಿದರೆ ಉಳಿದ ಪ್ರತಿ ಮಾಡಿಸಿ. ಶರಣು.