ಶ್ಟಾಯರ್‌ನಲ್ಲಿ ಒಂದು ಶನಿವಾರ, ಒಂಬತ್ತು ಖಾಲಿ ಬಾಟ್ಲಿ ಸಮೇತ

ನಮಸ್ಕಾರ ಎಲ್ರಿಗೂ. ಇದು ಟ್ರೈನ್ ಕಿಟಕಿ, ಅದ್ರಲ್ಲಿ ತೇಲ್ತಾ ಇರೋದು ನನ್ ಮುಖ, ಹೊರಗಿನ ಹೊಲ ತೋಟ ಎಲ್ಲಾ ನನ್ ಮೂಗಿನ ಮೇಲೇ ಓಡ್ತಿದೆ, ಎಡಿಟ್ ಮಾಡೋಕೆ ಕೂತಾಗ್ಲೇ ಗೊತ್ತಾಗಿದ್ದು, ಸಹಿಸ್ಕೊಳಿ. ನಾನು ಆಸ್ಟ್ರಿಯಾದ ಲಿಂಟ್ಸ್‌ನಲ್ಲಿ ಅಣ್ಣನ ಮನೇಲಿದೀನಿ, ಬಂದು ಎರಡು ವಾರ ಆಯ್ತು. ಅಣ್ಣನಿಗೆ ಶನಿವಾರಾನೂ ಏನೋ ಕೆಲ್ಸ, ಅದಕ್ಕೆ ನಾನು ಅತ್ತಿಗೆ ಇಬ್ರೇ ಹೊರಟ್ವಿ. ನಂಗೆ ಹಾಲ್‌ಷ್ಟಾಟ್ ನೋಡ್ಬೇಕಿತ್ತು, ಆ ಕೆರೆ, ಆ ಚರ್ಚು, ಕ್ಯಾಲೆಂಡರ್ ಫೋಟೋ ಇರುತ್ತಲ್ಲ ಅದು. ಅತ್ತಿಗೆ ಹೇಳಿದ್ರು, "ಅಲ್ಲಿ ಕೆರೆ ಕಾಣಲ್ಲ ಮಾರಾಯ್ತಿ, ಬರೀ ಸೆಲ್ಫಿ ಸ್ಟಿಕ್ ಕಾಣುತ್ತೆ. ಶ್ಟಾಯರ್‌ಗೆ ಹೋಗೋಣ, ಮುಕ್ಕಾಲು ಗಂಟೆ." ನಾನು ಆ ಸ್ಪೆಲ್ಲಿಂಗ್ ನೋಡಿ ಸ್ಟೇರ್ ಸ್ಟೇರ್ ಅಂತಿದ್ದೆ, ಶ್ಟಾಯರ್ ಅನ್ಬೇಕಂತೆ.

ಈ ಶಾಟಲ್ಲಿ ನನ್ ಕೈ ನೋಡಿ, ಏನೋ ಮಾಡ್ತಿದೆ ಅಲ್ವಾ, ಬಾಟ್ಲಿ ನಜ್ಜುಗುಜ್ಜು ಮಾಡ್ತಿದೀನಿ. ನೆನಪಿಟ್ಕೊಳಿ, ಆಮೇಲೆ ಬರುತ್ತೆ ಅದು.

ಸ್ಟೇಷನ್ ಇಂದ ಇಳಿದು ಬಂದ್ರೆ ಎನ್ಸ್ ನದಿ ಮೇಲೆ ಸೇತುವೆ, ಆ ಕಡೆ ಹಳೇ ಊರು. ಇಲ್ಲಿ ಸೇತುವೆ ದಾಟೋದು ತೋರ್ಸಿದೀನಲ್ಲ, 1945ರಲ್ಲಿ ಯುದ್ಧ ಮುಗಿದಾಗ ಇದೇ ನದಿ ಗಡಿ ಆಗಿತ್ತು, ಈ ಕಡೆ ರಷ್ಯಾದವ್ರು, ಆ ಕಡೆ ಅಮೆರಿಕದವ್ರು, ಒಂದೇ ಊರು ಸ್ವಲ್ಪ ಕಾಲ ಎರಡು ಸೈನ್ಯದ ಕೈಲಿತ್ತು. ಈಗ ನೋಡಿದ್ರೆ ಒಬ್ಬ ಅಜ್ಜಿ ಸೈಕಲ್ ತಳ್ಕೊಂಡು ಹೋಗ್ತಿದಾರೆ, ಬುಟ್ಟಿ ತುಂಬಾ ಹೂವಿನ ಗಿಡ.

ಮತ್ತೆ ಇದು ಸಂಗಮ. ಇಲ್ಲಿ ನಾನು ತುಂಬಾ ಹೊತ್ತು ನಿಂತಿದ್ದೆ, ಫೂಟೇಜೇ ಹನ್ನೊಂದು ನಿಮಿಷ ಇದೆ, ಕಟ್ ಮಾಡಿದೀನಿ ಹೆದರ್ಬೇಡಿ. ಎಡಗಡೆಯಿಂದ ಶ್ಟಾಯರ್ ನದಿ ಬರುತ್ತೆ, ಇತ್ಲಿಂದ ಎನ್ಸ್ ಬರುತ್ತೆ, ಮಧ್ಯದಲ್ಲಿ ಬಂಡೆ ಮೇಲೆ ಲಾಂಬೆರ್ಗ್ ಅರಮನೆ, ಎದುರುಗಡೆ ದಡದಲ್ಲಿ ಎರಡು ಗೋಪುರದ ಸೇಂಟ್ ಮೈಕೇಲ್ ಚರ್ಚು. ಈ ಜಾಗದ ಹೆಸರೇ ಸೇತುವೆಗಳ ನಡುವೆ ಅಂತ, ಜರ್ಮನ್‌ನಲ್ಲಿ ಟ್ಸ್‌ವಿಶೆನ್‌ಬ್ರುಕೆನ್, ಅದನ್ನ ಹೇಳೋಕೆ ನಾನು ನಾಲ್ಕು ಟೇಕ್ ತಗೊಂಡಿದೀನಿ. ಶಿವಮೊಗ್ಗದವ್ರಿಗೆ ಸಂಗಮ ಅಂದ್ರೆ ಕೂಡ್ಲಿ, ಚಿಕ್ಕವಳಿದ್ದಾಗ ವರ್ಷಕ್ಕೊಂದ್ಸಲ ಹೋಗ್ತಿದ್ವಿ, ಬುತ್ತಿ ಕಟ್ಕೊಂಡು. ಅಲ್ಲಿ ತುಂಗೆ ಬಂದು ಭದ್ರೆ ಬಂದು ಮುಂದೆ ತುಂಗಭದ್ರಾ, ಯಾರಿಗೂ ಬೇಜಾರಿಲ್ಲ, ಇಬ್ರ ಹೆಸರೂ ಉಳೀತು. ಇಲ್ಲಿ ಹಾಗಿಲ್ಲ ನೋಡಿ. ಶ್ಟಾಯರ್ ನದಿ ಈ ಕಲ್ಲಿನ ಮೂಲೆಗೆ ಬರ್ತಿದ್ದಂಗೆ ಹೆಸರು ಕಳ್ಕೊಳುತ್ತೆ, ಮುಂದೆ ಡ್ಯಾನ್ಯೂಬ್ ಸೇರೋತನಕ ಬರೀ ಎನ್ಸ್. ಆದ್ರೆ ಊರಿಗೆ ಮಾತ್ರ ಸೋತವಳ ಹೆಸರೇ! ಅಷ್ಟೇ ಅಲ್ಲ, ಮುಂಚೆ ಈ ಅರಮನೆ ಜಾಗದಲ್ಲಿದ್ದ ಕೋಟೇಲಿ ಕೂತ ಒಟಾಕರ್ ಅನ್ನೋ ಮನೆತನದವ್ರು ದಕ್ಷಿಣದ ಸೀಮೆಗೂ ದೊರೆಗಳಾದ್ರು, ಅದಕ್ಕೆ ಆ ಸೀಮೆಗೆ ಶ್ಟಾಯರ್‌ಮಾರ್ಕ್ ಅಂತ ಹೆಸರು ಬಂತು, ಇಂಗ್ಲಿಷ್ ಮ್ಯಾಪಲ್ಲಿ ಸ್ಟಿರಿಯಾ ಅಂತಾರಲ್ಲ ಅದು. ತಮಾಷೆ ಏನಪ್ಪ ಅಂದ್ರೆ ಈ ಊರು ಈಗ ಆ ರಾಜ್ಯದಲ್ಲೇ ಇಲ್ಲ, ಅಪ್ಪರ್ ಆಸ್ಟ್ರಿಯಾದಲ್ಲಿದೆ. ಹೆಸರು ಕೊಟ್ಟು ಮನೆ ಬಿಟ್ಟು ಬಂದಂಗೆ.

ನೀರಿನ ಬಣ್ಣ ಕ್ಯಾಮೆರಾದಲ್ಲಿ ಸರಿಯಾಗಿ ಬಂದಿಲ್ಲ. ಹಸಿರು, ಪುದೀನ ಚಟ್ನಿಗೆ ಜಾಸ್ತಿ ಮೊಸರು ಹಾಕಿದ್ರೆ ಬರುತ್ತಲ್ಲ ಆ ಹಸಿರು. ಮೇ ತಿಂಗಳು, ಬೆಟ್ಟದ ಹಿಮ ಕರಗಿ ಬರ್ತಿರೋ ನೀರು, ಬೆರಳು ಇಟ್ಟೆ, ಮೂಳೆ ತನಕ ಹೋಯ್ತು. ಅತ್ತಿಗೆ ಕಟ್ಕೊಂಡು ಬಂದಿದ್ದ ಚಿತ್ರಾನ್ನ ಇಲ್ಲೇ ದಡದಲ್ಲಿ ತಿಂದ್ವಿ, ಬಾತುಕೋಳಿ ಒಂದು ಬಂದು ಕೂತು ಕಡ್ಲೆಬೀಜನೇ ನೋಡ್ತಿತ್ತು, ಕೊಡ್ಲಿಲ್ಲ.

ಆಯ್ತು, ಬಾಟ್ಲಿ ಕಥೆ. ಇಲ್ಲಿ 2025ರ ಜನವರಿ 1ರಿಂದ ಪ್ಲಾಸ್ಟಿಕ್ ಬಾಟ್ಲಿಗೂ ಕ್ಯಾನ್‌ಗೂ 25 ಸೆಂಟ್ ಡಿಪಾಸಿಟ್ ಮಾಡಿದಾರೆ. ನೀರು ತಗೊಂಡ್ರೆ ನೀರಿನ ದುಡ್ಡು ಬೇರೆ, ಬಾಟ್ಲಿ ಡಿಪಾಸಿಟ್ ಬೇರೆ, ಖಾಲಿ ಬಾಟ್ಲಿ ಸೂಪರ್‌ಮಾರ್ಕೆಟ್‌ನ ಮೆಷಿನ್‌ಗೆ ಹಾಕಿದ್ರೆ ದುಡ್ಡು ವಾಪಸ್. ಒಳ್ಳೇ ವ್ಯವಸ್ಥೆ, ನಂಗೇನೂ ತಕರಾರಿಲ್ಲ. ಮನೆ ಹತ್ರದ ಮೆಷಿನ್ ಕೆಟ್ಟಿತ್ತು ಅಂತ ಅತ್ತಿಗೆ ಒಂಬತ್ತು ಬಾಟ್ಲಿ ಬಟ್ಟೆ ಚೀಲದಲ್ಲಿ ಹಾಕಿ ತಂದಿದ್ರು, ಶ್ಟಾಯರ್‌ನಲ್ಲಿ ಹಾಕಿದ್ರಾಯ್ತು ಅಂತ. ಒಂಬತ್ತರಲ್ಲಿ ಏಳು ನಾನೇ ಕುಡಿದಿದ್ದು ಬಿಡಿ, ನಲ್ಲಿ ನೀರು ಕುಡಿಬಹುದು ಅಂತ ಅಣ್ಣ ದಿನಾ ಹೇಳ್ತಾನೆ, ನಂಗೆ ಮನಸ್ಸು ಬರಲ್ಲ. ಈಗ ಟ್ರೈನಲ್ಲಿ ಅತ್ತಿಗೆ ಟಾಯ್ಲೆಟ್‌ಗೆ ಹೋದ್ರು. ಚೀಲ ನೋಡಿದೆ, ಇಷ್ಟು ದಪ್ಪ. ನಮ್ಮೂರಲ್ಲಿ ಪ್ರತಿ ನೀರಿನ ಬಾಟ್ಲಿ ಮೇಲೂ ಬರ್ದಿರುತ್ತಲ್ವಾ, ಉಪಯೋಗಿಸಿದ ಮೇಲೆ ಬಾಟ್ಲಿ ನಜ್ಜುಗುಜ್ಜು ಮಾಡಿ ಅಂತ, ಇಲ್ಲಾಂದ್ರೆ ಯಾರೋ ಅದ್ರಲ್ಲೇ ಮತ್ತೆ ನೀರು ತುಂಬಿ ಮಾರ್ತಾರೆ ಅಂತ. ಇಪ್ಪತ್ತು ವರ್ಷದ ಅಭ್ಯಾಸ ಮಾರಾಯ್ರೆ. ಪಟಪಟ ಅಂತ ಒಂಬತ್ತನ್ನೂ ಹಿಂಡಿ, ತಿರುಚಿ, ಮುಚ್ಚಳ ಬಿಗಿ ಮಾಡಿ, ಚೀಲ ಅರ್ಧ ಮಾಡಿ ಇಟ್ಟೆ. ಅತ್ತಿಗೆ ಬಂದು ಚೀಲ ಬಗಲಿಗೆ ಹಾಕ್ಕೊಂಡ್ರು, ಏನ್ ಸಣ್ಣಗಾಗಿದೆ ಅಂತ ಒಂದ್ಸಲನೂ ಅನಿಸಲಿಲ್ವಾ ಅವ್ರಿಗೆ? ಅವ್ರದ್ದೂ ಸ್ವಲ್ಪ ತಪ್ಪಿದೆ ಅಂತ ನನ್ ವಾದ.

ಇದು ಮೆಷಿನ್. ಗೋಡೇಲಿ ದುಂಡಗೆ ಒಂದು ಬಾಯಿ. ಬಾಟ್ಲಿ ಇಟ್ರೆ ಒಳಗೆ ಎಳ್ಕೊಂಡು ಗಿರಗಿರ ತಿರುಗಿಸಿ ಬಾರ್‌ಕೋಡ್ ಹುಡುಕುತ್ತೆ. ಮೊದಲನೇದು ಇಟ್ವಿ, ಎಳ್ಕೊಂಡ್ತು, ತಿರುಗಿಸ್ತು, ಒಂದು ಸೆಕೆಂಡ್ ಯೋಚ್ನೆ ಮಾಡ್ತು, ವಾಪಸ್ ಉಗುಳ್ತು. ಎರಡನೇದು, ಅದೂ ವಾಪಸ್. ಅತ್ತಿಗೆ ಚೀಲದೊಳಗೆ ಇಣುಕಿದ್ರು. ನಂತರ ನನ್ನ ನೋಡಿದ್ರು. "ಯಾರು ಮಾಡಿದ್ದು ಇದು?" ಅಂತ ಕೇಳೋ ಅಗತ್ಯ ಏನಿತ್ತು, ಟ್ರೈನಲ್ಲಿ ನಾವಿಬ್ರೇ ಇದ್ದಿದ್ದು. ನಜ್ಜಾದ ಬಾಟ್ಲಿ ತಗೊಳಲ್ವಂತೆ, ಲೇಬಲ್ ಕಾಣ್ಬೇಕು, ಆಕಾರ ಇರ್ಬೇಕು. ನಮ್ ಹಿಂದೆ ಒಬ್ರು ತಾತ ಇಡೀ ಕ್ರೇಟ್ ಬಿಯರ್ ಬಾಟ್ಲಿ ಹಿಡ್ಕೊಂಡು ನಿಂತಿದ್ರು, ಅವ್ರ ಹಿಂದೆ ಇನ್ನಿಬ್ರು, ಅತ್ತಿಗೆ ಮಾತ್ರ ಬಿಡದೆ ಒಂಬತ್ತನ್ನೂ ಒಂದೊಂದಾಗಿ ಇಟ್ರು, ಒಂಬತ್ತೂ ಒಂದೊಂದಾಗಿ ವಾಪಸ್ ಬಂತು. ಒಂಬತ್ತು ಇಂಟು 25, ಎರಡು ಕಾಲು ಯೂರೋ, ನೂರು ರೂಪಾಯಿ ಲೆಕ್ಕ ಇಟ್ರೂ 225 ರೂಪಾಯಿ. ಶಿವಮೊಗ್ಗದಲ್ಲಿ ಇಬ್ರಿಗೆ ದೋಸೆ ಕಾಫಿ ಆಗಿ ಮಿಗುತ್ತೆ. ನಂಗೆ ದುಡ್ಡಿಗಿಂತ ಬೇಜಾರಾಗಿದ್ದು ಆ ತಾತ ಏನೂ ಅನ್ನದೆ ಸುಮ್ನೆ ನಕ್ಕಿದ್ದು. ಮೊದ್ಲು ನಮ್ಮೂರಲ್ಲೂ ಗ್ಲಾಸ್ ಬಾಟ್ಲಿ ಕಾಲದಲ್ಲಿ ಇದೇ ಇತ್ತಲ್ವಾ, ಮನೆಗೆ ತಗೊಂಡು ಹೋದ್ರೆ ಅಂಗಡಿಯವ್ರು ಡಿಪಾಸಿಟ್ ಇಟ್ಕೊಳ್ತಿದ್ರು, ನಾವು ಓಡೋಡಿ ವಾಪಸ್ ಕೊಡ್ತಿದ್ವಿ. ಹೊಸದೇನಲ್ಲ ಇದು, ನಾವು ಮರ್ತಿದ್ದು ಅಷ್ಟೇ... ಶಾಟ್ ಮುಗೀತು, ಮುಂದೆ.

ಇದು ಶ್ಟಾಟ್‌ಪ್ಲಾಟ್ಸ್, ಊರಿನ ಮುಖ್ಯ ಚೌಕ. ಚೌಕ ಅಂದ್ರೆ ಚೌಕಾಕಾರ ಅಲ್ಲ, ಉದ್ದುದ್ದ, ರಥಬೀದಿ ತರ. ಎರಡೂ ಕಡೆ ಹಳೇ ಮನೆಗಳು ಭುಜಕ್ಕೆ ಭುಜ ಒರಗಿ ನಿಂತಿವೆ. ಇದೆಲ್ಲ ಕಬ್ಬಿಣದ ದುಡ್ಡು. ಮೇಲೆ ಬೆಟ್ಟದಲ್ಲಿ ಎರ್ಟ್ಸ್‌ಬೆರ್ಗ್ ಅಂತ ಅದಿರಿನ ಗುಡ್ಡ ಇದೆ, ಅಲ್ಲಿಯ ಕಬ್ಬಿಣ ಎನ್ಸ್ ಹಿಡ್ಕೊಂಡು ಇಲ್ಲಿಗೆ ಬರ್ತಿತ್ತು. 1287ರಲ್ಲಿ ಈ ಊರಿಗೆ ಒಂದು ಹಕ್ಕುಪತ್ರ ಸಿಕ್ತು, ಕಬ್ಬಿಣ, ಮರ ತಗೊಂಡು ಹೋಗೋ ವ್ಯಾಪಾರಿಗಳು ಇಲ್ಲಿ ಮೂರು ದಿನ ನಿಲ್ಲಿಸಿ ಊರವ್ರಿಗೆ ಮಾರಾಟಕ್ಕೆ ಇಡ್ಲೇಬೇಕು ಅಂತ. ಟೋಲ್‌ನಲ್ಲಿ ಐದು ನಿಮಿಷ ನಿಂತ್ರೆ ಹಾರ್ನ್ ಹೊಡಿತೀವಿ ನಾವು, ಇವ್ರು ಮೂರು ದಿನ! ಊರು ಶ್ರೀಮಂತ ಆಗದೆ ಇನ್ನೇನಾಗುತ್ತೆ.

ಈ ಚೂಪು ಮಾಡಿನ ಮನೆ ಬುಮ್ಮರ್ಲ್‌ಹೌಸ್, 1497ರ ರೂಪದಲ್ಲೇ ಇದೆ, ಗಾಥಿಕ್ ಅಂದ್ರೆ ಯುರೋಪಿನ ಹಳೇ ಕಾಲದ ಕಟ್ಟಡ ಶೈಲಿ, ಆ ಶೈಲಿಯ ಮನೆ ಅಂದ್ರೆ ಇದೇ ಅಂತ ಎಲ್ಲಾ ಕಡೆ ಫೋಟೋ ಹಾಕ್ತಾರೆ. ಎದುರಿಗೆ ನಿಂತಾಗ, ಇಷ್ಟೇನಾ ಅಂದೆ, ನಿಜ ಹೇಳ್ತೀನಿ. ಆಮೇಲೆ ಹೆಸರಿನ ಕಥೆ ಗೊತ್ತಾಯ್ತು. ಮುಂಚೆ ಇಲ್ಲಿ ಚಿನ್ನದ ಸಿಂಹ ಅಂತ ಒಂದು ಹೋಟೆಲ್ ಇತ್ತು, ಬಾಗಿಲ ಮೇಲಿನ ಸಿಂಹ ಎಷ್ಟು ಪಾಪದ್ದು ಅಂದ್ರೆ ಜನ ಅದನ್ನ ಪುಟ್ಟ ನಾಯಿಮರಿ ಅಂದ್ರು, ಬುಮ್ಮರ್ಲ್ ಅಂದ್ರೆ ಅದೇ. ಐನೂರು ವರ್ಷದ ಮನೆಗೆ ನಾಯಿಮರಿ ಮನೆ ಅಂತ ಹೆಸರು ನಿಂತೋಯ್ತು. ಈಗ ನಂಗೆ ಇಡೀ ಊರಲ್ಲಿ ಇದೇ ಇಷ್ಟ. ಎದುರಿನ ಟೌನ್ ಹಾಲ್ ಚೆಂದ, ಕೇಕ್ ತರ ಇದೆ, ಅದನ್ನ ವಿನ್ಯಾಸ ಮಾಡಿದ್ದು ಮೇಯರ್ ಹೈಬರ್ಗರ್ ಅವ್ರೇ ಅಂತೆ, ಟೆಂಡರ್ ಗಿಂಡರ್ ತಾಪತ್ರಯನೇ ಇಲ್ಲ.

ಇಲ್ಲಿ ಶುಬರ್ಟ್ ಬಂದಿದ್ರು, ಆಸ್ಟ್ರಿಯಾದ ದೊಡ್ಡ ಸಂಗೀತ ರಚನೆಕಾರ, 1819ರ ಬೇಸಿಗೇಲಿ, ಗೆಳೆಯನ ಜೊತೆ. ಪೌಮ್‌ಗಾರ್ಟ್‌ನರ್ ಅಂತ ಈ ಊರಿನ ಸಂಗೀತಪ್ರೇಮಿಯೊಬ್ರು ಕೇಳಿದ್ದಕ್ಕೇ ಟ್ರೌಟ್ ಮೀನಿನ ಹೆಸರಿನ ಆ ಕ್ವಿಂಟೆಟ್, ಅಂದ್ರೆ ಐದು ವಾದ್ಯದ ಸಂಗೀತ, ಹುಟ್ಟಿದ್ದು. ತಾನಿದ್ದ ಮನೇಲಿ ಎಂಟು ಹುಡ್ಗೀರಿದಾರೆ, ಹೆಚ್ಚುಕಮ್ಮಿ ಎಲ್ರೂ ಚೆಂದ ಅಂತ ಊರಿಗೆ ಕಾಗ್ದ ಬೇರೆ ಬರ್ದಿದ್ರು ಆಸಾಮಿ. ಸಂಗೀತ ನಂಗೆ ಅಷ್ಟಕ್ಕಷ್ಟೆ, ಮೀನು ಅಂದ್ರೆ ನಂಗೆ ನೆನಪಾಗೋದು ಶೃಂಗೇರಿ ಮೆಟ್ಟಿಲು, ಪುರಿ ಹಾಕಿದ್ರೆ ಬಾಯಿ ಬಿಟ್ಕೊಂಡು ಬರ್ತಾವಲ್ಲ.

ಈ ಪ್ರತಿಮೆ ಯೋಸೆಫ್ ವೆರ್ಂಡ್ಲ್, ಬಂದೂಕು ಫ್ಯಾಕ್ಟ್ರಿ ಸಾಹುಕಾರ. ಮೇಲೆ ಅವ್ರು, ಕೆಳಗೆ ನಾಲ್ಕು ಜನ ಕೆಲಸಗಾರರು, ನಂಗೆ ಕೆಳಗಿನವ್ರ ಮುಖನೇ ಚೆನ್ನಾಗಿ ಕಂಡಿದ್ದು. 1884ರಲ್ಲೇ ನದಿ ನೀರಿನ ಶಕ್ತೀಲಿ ಈ ಊರಲ್ಲಿ ಕರೆಂಟ್ ದೀಪ ಹಚ್ಚಿ ಪ್ರದರ್ಶನ ಮಾಡಿದ್ರಂತೆ. ಬೆಂಗಳೂರಿಗೆ ಶಿವನಸಮುದ್ರದಿಂದ ಬೀದಿದೀಪ ಬಂದಿದ್ದು 1905ರಲ್ಲಿ, ಲೆಕ್ಕ ಹಾಕಿದ್ರೆ ನಾವೇನೂ ತೀರಾ ಹಿಂದೆ ಇರ್ಲಿಲ್ಲ. ಆ ಫ್ಯಾಕ್ಟ್ರಿ ಆಮೇಲೆ ಸೈಕಲ್, ಕಾರು, ಟ್ರಾಕ್ಟರ್ ಎಲ್ಲ ಮಾಡ್ತು, 1934ರಲ್ಲಿ ಬೇರೆ ಕಂಪ್ನಿ ಸೇರ್ಕೊಂಡು ಶ್ಟಾಯರ್ ಡೈಮ್ಲರ್ ಪುಕ್ ಆಯ್ತು. ಪುಕ್! ನಮ್ ಮಾವನ ಹತ್ರ ಹೀರೋ ಪುಕ್ ಇತ್ತು, ಎಂಬತ್ತರ ದಶಕದ ಕೊನೇಲಿ ಬಂತಲ್ಲ ಆ ಮೊಪೆಡ್ಡು, ಅದ್ರ ಟೆಕ್ನಾಲಜಿ ಕೊಟ್ಟಿದ್ದು ಇದೇ ಕಂಪ್ನಿ. ಪುಕ್ ಫ್ಯಾಕ್ಟ್ರಿ ಇದ್ದಿದ್ದು ಗ್ರಾಜ್‌ನಲ್ಲಿ, ಇಲ್ಲಲ್ಲ, ಆದ್ರೂ ನಂಗೆ ಸಂಬಂಧಿಕರ ಊರಿಗೆ ಬಂದಂಗಾಯ್ತು. ಮಾವ ಅದ್ರ ಮೇಲೆ ಅಡಿಕೆ ಮೂಟೆ ಹೇರ್ಕೊಂಡು ತೀರ್ಥಹಳ್ಳಿ ಏರಲ್ಲಿ ಪೆಡಲ್ ತುಳಿಯೋರು.

ಇಲ್ಲಿ ಫೂಟೇಜ್ ಇಲ್ಲ, ಕಪ್ಪು ಸ್ಕ್ರೀನು. ಅರಮನೆ ಕೆಳಗೆ ಸುರಂಗ ಇದೆ, ಯುದ್ಧದ ಕಾಲದಲ್ಲಿ ಬಾಂಬ್‌ನಿಂದ ತಪ್ಪಿಸ್ಕೊಳೋಕೆ ಕೈದಿಗಳ ಕೈಲಿ ತೋಡ್ಸಿದ್ದು. 1942ರಿಂದ ಈ ಊರಿನ ಮ್ಯೂನಿಷ್‌ಹೋಲ್ಟ್ಸ್‌ನಲ್ಲಿ ಮೌತ್‌ಹೌಸನ್ ಅನ್ನೋ ನಾಜಿ ಸೆರೆ ಕ್ಯಾಂಪಿನ ಶಾಖೆ ಇತ್ತು, ಅಲ್ಲಿಯ ಕೈದಿಗಳು ಆಗ್ಲೇ ಹೇಳಿದ್ನಲ್ಲ ಆ ಶ್ಟಾಯರ್ ಫ್ಯಾಕ್ಟ್ರೀಲೇ ದುಡಿಬೇಕಿತ್ತು. ಈಗ ಸುರಂಗದೊಳಗೆ ಅದ್ರದ್ದೇ ಪ್ರದರ್ಶನ. ಒಳಗೆ ತಣ್ಣಗೆ, ಗೋಡೆ ಒದ್ದೆ. ಕ್ಯಾಮೆರಾ ಆಫ್ ಮಾಡಿದ್ದೆ. ಹೊರಗೆ ಬಂದು ಅತ್ತಿಗೆ ನಾನು ಸುಮಾರು ಹೊತ್ತು ಬಾಟ್ಲಿ ವಿಷ್ಯ ಎತ್ತಲಿಲ್ಲ.

ಬಸ್ ಹತ್ತಿದ್ದು, ಇದು ಕ್ರಿಸ್ಟ್‌ಕಿಂಡ್ಲ್, ಊರಾಚೆ. ಮುನ್ನೂರು ವರ್ಷದ ಹಿಂದೆ ಮೂರ್ಛೆರೋಗದ ಒಬ್ಬ ಭಕ್ತ ಮರದ ಪೊಟರೇಲಿ ಬಾಲಯೇಸುವಿನ ಮೇಣದ ಬೊಂಬೆ ಇಟ್ಟು ಪ್ರಾರ್ಥನೆ ಮಾಡ್ತಿದ್ದ, ವಾಸಿ ಆಯ್ತು, ಜನ ಬರೋಕೆ ಶುರು ಆದ್ರು, ಮರದ ಸುತ್ತಲೂ ಚರ್ಚ್ ಕಟ್ಟಿದ್ರು. ಬೊಂಬೆ ಒಂದು ಗೇಣೂ ಇಲ್ಲ, ಸುತ್ತ ಬಂಗಾರದ ಕಿರಣ, ಜೂಮ್ ಮಾಡಿದೀನಿ ನೋಡಿ. ಮರದ ಬುಡಕ್ಕೆ ನಾಗರಕಲ್ಲು ಇಟ್ಟು ಆಮೇಲೆ ಗುಡಿ ಎಬ್ಬಿಸೋರಿಗೆ ಇದನ್ನ ವಿವರಿಸ್ಬೇಕಾಗಿಲ್ಲ. 1950ರಿಂದ ಇಲ್ಲೊಂದು ಕ್ರಿಸ್‌ಮಸ್ ಪೋಸ್ಟ್ ಆಫೀಸ್ ನಡೆಯುತ್ತೆ, ಒಂದು ಸೀಸನ್‌ಗೆ ಲಕ್ಷಗಟ್ಟಲೆ ಕಾಗ್ದ ಇಲ್ಲಿಯ ಮುದ್ರೆ ಹಾಕ್ಸ್ಕೊಂಡು ಹೋಗ್ತಾವೆ. ನಾವು ಹೋಗಿದ್ದು ಮೇನಲ್ಲಿ, ಬಾಗ್ಲು ಹಾಕಿತ್ತು. ಇದು ಮುಚ್ಚಿದ ಬಾಗ್ಲಿನ ಶಾಟು, ಹನ್ನೆರಡು ಸೆಕೆಂಡ್, ಯಾಕೆ ತೆಗ್ದೆ ಗೊತ್ತಿಲ್ಲ.

ಹಾಲ್‌ಷ್ಟಾಟ್ ಬಿಟ್ಟು ಇಲ್ಲಿಗೆ ಬಂದಿದ್ದು ಸರಿನಾ ಅಂದ್ರೆ, ಬೆಳಿಗ್ಗೆ ಕೇಳಿದ್ರೆ ಇಲ್ಲ ಅಂತಿದ್ದೆ, ಸಾಯಂಕಾಲ ಹೌದು. ಕಾಲು ಮಾತ್ರ ಹೋಯ್ತು, ಈ ಕಲ್ಲು ಹಾಸಿನ ರಸ್ತೇಲಿ ಚಪ್ಪಲಿ ಹಾಕ್ಕೊಂಡು ಬರ್ಬೇಡಿ.

ಇದು ಲಾಸ್ಟ್ ಶಾಟ್, ಅಣ್ಣನ ಅಡುಗೆಮನೆ. ಅಣ್ಣ ಮಾಡ್ತಿರೋದು ಏನಪ್ಪ ಅಂದ್ರೆ, ನಜ್ಜಾದ ಬಾಟ್ಲಿಗೆ ಬಾಯಿಟ್ಟು ಊದ್ತಿದಾನೆ, ಕೆನ್ನೆ ನೋಡಿ ನಾದಸ್ವರದವ್ರ ಹಂಗೆ, ಟಪ್ ಅಂತ ಸೌಂಡ್ ಬಂತಲ್ಲ, ಬಾಟ್ಲಿ ನೆಟ್ಟಗಾಯ್ತು. ಸೋಮವಾರ ಅತ್ತಿಗೆ ಒಂಬತ್ತನ್ನೂ ತಗೊಂಡು ಹೋದ್ರು. ನಾಲ್ಕು ತಗೊಂಡ್ತು. ಒಂದು ಯೂರೋದ ಚೀಟಿ ಫ್ರಿಜ್ ಮೇಲೆ ಅಂಟಿಸಿದಾರೆ, ನನ್ ಹೆಸರು ಬರ್ದು.