ಕಥೆಯೊಳಗೆ ತೂಕದ ಮಷೀನು ಬೇಡ

ನಮಸ್ಕಾರ. ಹದಿಹರೆಯದವರಿಗಾಗಿ ಕಥೆ, ಕಾದಂಬರಿ ಬರೆಯುವವರ ಜೊತೆ ಇವತ್ತು ನಾಲ್ಕು ಮಾತು. ನಿಮ್ಮ ಕಥೆಯಲ್ಲಿ ಊಟ ಬಿಟ್ಟು ಸೊರಗುವ ಹುಡುಗಿ ಇದ್ದಾಳಾ? ಹಾಗಿದ್ದರೆ ಅವಳ ತೂಕ ಎಷ್ಟು ಕಿಲೋ ಅಂತ ಬರೆಯಬೇಡಿ. ಎಷ್ಟು ಕ್ಯಾಲೊರಿ ತಿಂದಳು ಅಂತಲೂ ಬೇಡ. ನೀವು ಆ ಅಂಕಿ ಬರೆಯೋದು ಎಚ್ಚರಿಸೋಕೆ. ಅನೋರೆಕ್ಸಿಯಾ, ಅಂದರೆ ದಪ್ಪಗಾಗುವ ಭಯದಿಂದ ಊಟ ಬಿಡುವ ಕಾಯಿಲೆ, ಇರುವ ಹುಡುಗಿ ಓದಿದರೆ ಅವಳಿಗೆ ಅದೇ ಗುರಿ. 'ಅವಳು ಅಷ್ಟಕ್ಕೆ ಇಳಿದಳಲ್ಲ, ನಾನೂ ಇಳೀತೀನಿ' ಅಂತ ಹಠ ಹಿಡಿಯುತ್ತಾಳೆ.

ಅಂಕಿ ಇಲ್ಲದೆ ಕಾಯಿಲೆ ತೋರಿಸೋದು ಹೇಗೆ ಅಂತೀರಾ? ನಾನು ಎಲ್ಲರಿಗೂ ಹೇಳುವ ಒಂದು ಘಟನೆ ಇದೆ, ಕೇಳಿ. 1944, ಎರಡನೇ ಮಹಾಯುದ್ಧದ ಕಾಲ. ಯುರೋಪಿನಲ್ಲಿ ಹಸಿದು ಬಡಕಲಾದ ಜನರಿಗೆ ಮತ್ತೆ ಊಟ ಕೊಡೋದು ಹೇಗೆ ಅಂತ ತಿಳಿಯಬೇಕಿತ್ತು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಗಂಡಸರನ್ನು ಆರಿಸಿಕೊಂಡರು. ಎಲ್ಲರೂ ಗಟ್ಟಿಮುಟ್ಟು. ಯುದ್ಧ ಮಾಡಲ್ಲ ಅಂದು, ಈ ಕೆಲಸಕ್ಕೆ ತಾವಾಗಿ ಬಂದವರು. 24 ವಾರ ಅವರಿಗೆ ಅರೆಹೊಟ್ಟೆ ಊಟ. ಏನಾಯಿತು ಗೊತ್ತಾ? ಜುಲೈ ಸೆಕೆಯಲ್ಲಿ ಕಂಬಳಿ ಕೇಳಿದರು. ಅಡುಗೆ ಪುಸ್ತಕ ಕೂಡಿಟ್ಟರು. ಕೆಲವರು ಒಂದು ತಟ್ಟೆ ಊಟವನ್ನು ಎರಡು ಗಂಟೆ ಎಳೆದರು. ತಟ್ಟೆ ನೆಕ್ಕಿದರು. ಸ್ನೇಹಿತರ ಮೇಲೆ ಸಿಡುಕಿದರು. ಆಮೇಲೆ ಊಟ ಹೆಚ್ಚಿಸಿದರೂ ಎಷ್ಟೋ ಜನರ ತಲೆಯಿಂದ ಊಟದ ಯೋಚನೆ ತಿಂಗಳುಗಟ್ಟಲೆ ಹೋಗಲಿಲ್ಲ. ಇವರ್ಯಾರೂ ತೆಳ್ಳಗಾಗೋಕೆ ಹೊರಟವರಲ್ಲ, ನೋಡಿ. ಹಸಿವೇ ಮನಸ್ಸನ್ನು ಹಿಡಿದುಕೊಂಡಿತ್ತು.

ಈಗ ನಿಮ್ಮ ಹುಡುಗಿಯ ಕಡೆ ಬನ್ನಿ. ಹಬ್ಬದ ದಿನ ಮನೆಮಂದಿಗೆಲ್ಲ ಒಬ್ಬಟ್ಟು ಬಡಿಸಿ, ಬೇರೆಯವರು ತಿನ್ನೋದನ್ನೇ ನೋಡುತ್ತಾ ಕೂರುತ್ತಾಳೆ. ಏಪ್ರಿಲ್‌ನಲ್ಲಿ ಸ್ವೆಟರ್. ಬಾಚಣಿಗೆ ತುಂಬ ಕೂದಲು. ಮುಟ್ಟು ನಿಂತಿದ್ದನ್ನು ಅಮ್ಮನಿಗೆ ಹೇಳಿಲ್ಲ. ಕೇಳಿದರೆ 'ಕಾಲೇಜಲ್ಲೇ ತಿಂದೆ' ಅನ್ನುತ್ತಾಳೆ. 'ಇದೆಲ್ಲಾ ಡಯಟ್ ಹುಚ್ಚು' ಅಂತ ಅಜ್ಜಿ ಬೈತಾರೆ. ಇಷ್ಟು ಬರೆದ ಮೇಲೆ ಕಿಲೋ ಲೆಕ್ಕ ಯಾಕೆ ಬೇಕು, ಹೇಳಿ?

ಕೊನೆಯಲ್ಲಿ ಒಬ್ಬ ಹುಡುಗ ಬಂದು ಪ್ರೀತಿಸಿದ, ಅವಳು ಗುಣವಾದಳು ಅಂತ ಮುಗಿಸುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯಲ್ಲ. ಇದು ಜೀವ ತೆಗೆಯುವ ಕಾಯಿಲೆ. ಅಮೆರಿಕದ ಗಾಯಕಿ ಕರೆನ್ ಕಾರ್ಪೆಂಟರ್ ಇದರಿಂದ ಹೃದಯ ಸೋತು 1983ರಲ್ಲಿ ತೀರಿಕೊಂಡರು, ಆಗ ಅವರಿಗೆ ಬರೀ 32. ಹುಡುಗರಿಗೂ ಈಟಿಂಗ್ ಡಿಸಾರ್ಡರ್, ಅಂದರೆ ಊಟದ ವಿಷಯದಲ್ಲಿ ಮನಸ್ಸು ಹದಗೆಡುವ ಇಂಥ ಕಾಯಿಲೆ, ಬರುತ್ತೆ, ದಪ್ಪ ಇರುವವರಿಗೂ ಬರುತ್ತೆ. ಬಿಡಿಸಿ ಹೇಳಲು ಸಮಯ ಉಳಿದಿಲ್ಲ.

ಕೇಳುತ್ತಿರುವ ಮಕ್ಕಳೇ, ಇದು ನಿಮ್ಮದೇ ಕಥೆ ಅನ್ನಿಸಿತಾ? 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ನಮಸ್ಕಾರ.